ಏಳನೆಯ ಗಾಡಿ: ರೋಡಾ ಕಂಪನಿಯ ಐವತ್ತು ಪಿಸ್ತೂಲುಗಳು

ಹಳೆಯ ಪಿಸ್ತೂಲುಗಳನ್ನು ಕೂಡಿಡುವ ಹವ್ಯಾಸಿಗಳು ಯಾವ ದೇಶದವರಾದರೂ ಸರಿ, ಅವರ ಕಪಾಟಿನಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಇಟ್ಟಿರುವುದು ಯಾವುದೆಂದು ಕೇಳಿದರೆ ಮತ್ತೆ ಮತ್ತೆ ಕಿವಿಗೆ ಬೀಳುವ ಹೆಸರು ಒಂದಿದೆ: ಮೌಸರ್ ಸಿ-96. ಜರ್ಮನಿಯ ನೆಕಾರ್ ನದಿಯ ದಂಡೆಯ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ಫೆಡರ್ಲೆ ಮನೆತನದ ಮೂವರು ಅಣ್ಣತಮ್ಮಂದಿರು ರೂಪಿಸಿದ ಪಿಸ್ತೂಲು ಅದು. 1896ರಿಂದ 1930ರ ದಶಕದವರೆಗೆ ಸುಮಾರು ಹತ್ತು ಲಕ್ಷ ತಯಾರಾದವು. ಕುದುರೆಯ ಮುಂದೆ ಪೆಟ್ಟಿಗೆಯಂತೆ ಇಳಿಬಿದ್ದ ಮದ್ದಿನ ಮನೆ, ಅದರೊಳಗೆ ಹತ್ತು ತೋಟಾಗಳು, ಉದ್ದ ಸಪೂರ ನಳಿಗೆ, ದುಂಡನೆಯ ಹಿಡಿ. ಹಿಡಿಯ ಮರದ ಪಟ್ಟಿಗಳನ್ನು ಬಿಗಿಯುವ ಒಂದು ತಿರುಪು ಬಿಟ್ಟರೆ ಒಳಗಿನ ಯಂತ್ರದಲ್ಲಿ ತಿರುಪುಗಳೇ ಇಲ್ಲ. ಬಿಡಿಭಾಗಗಳು ಒಂದರೊಳಗೊಂದು ಕಚ್ಚಿಕೊಂಡು ನಿಲ್ಲುತ್ತವೆ. ಅದರ ಒರೆಯನ್ನು ಮರದಲ್ಲಿ ಕೊರೆದು ಮಾಡುತ್ತಿದ್ದರು. ಆ ಒರೆಯನ್ನೇ ಹಿಡಿಯ ಹಿಂಬದಿಗೆ ಸಿಕ್ಕಿಸಿದರೆ ಅದು ಹೆಗಲಿಗೆ ಆನಿಸುವ ದಿಮ್ಮಿಯಾಗಿ, ಕೈಯ ಪಿಸ್ತೂಲು ಕ್ಷಣದಲ್ಲಿ ಪುಟ್ಟ ಬಂದೂಕಾಗುತ್ತದೆ. ನಳಿಗೆಯ ಮೇಲಿನ ಗುರಿಪಟ್ಟಿಯಲ್ಲಿ 1000 ಮೀಟರಿನವರೆಗೆ ಗೆರೆಗಳಿವೆ. ಅಷ್ಟು ದೂರಕ್ಕೆ ಗುರಿ ತಾಗುವುದು ಆಗದ ಮಾತು. ಆದರೆ ನೂರು ಮೀಟರಿನಾಚೆ ನಿಂತವನೂ ಕ್ಷೇಮವಾಗಿದ್ದೇನೆಂದು ಭಾವಿಸುವಂತಿರಲಿಲ್ಲ.

ಸಂಗ್ರಾಹಕರು ಇಂಥ ಪಿಸ್ತೂಲಿಗೆ ಬೆಲೆ ಕಟ್ಟುವಾಗ ಎರಡು ಸಂಗತಿ ನೋಡುತ್ತಾರೆ. ಪಿಸ್ತೂಲಿನ ಮೇಲಿನ ಸಂಖ್ಯೆಯೂ ಒರೆಯ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂಬುದು ಮೊದಲನೆಯದು. ಅದು ಯಾರ ಕೈಯಲ್ಲಿತ್ತು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಉತ್ತರವಾಗಿ ಪಶ್ಚಿಮದವರು ಸಾಮಾನ್ಯವಾಗಿ ಹೇಳುವುದು ವಿನ್‌ಸ್ಟನ್ ಚರ್ಚಿಲ್‌ರ ಹೆಸರು. 1896ರಲ್ಲಿ ತಮ್ಮ ಅಶ್ವದಳದೊಂದಿಗೆ ಬೆಂಗಳೂರಿನ ದಂಡಿಗೆ ಬರುತ್ತಿದ್ದ ಈ ತರುಣ ಅಧಿಕಾರಿ ಬೊಂಬಾಯಿಯ ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಮೆಟ್ಟಿಲಿಗೆ ಕಾಲಿಡುವಾಗ ಬಲಹೆಗಲಿನ ಕೀಲು ತಪ್ಪಿಸಿಕೊಂಡರು. ಆ ನೋವು ಜೀವನಪೂರ್ತಿ ಬಿಡಲಿಲ್ಲ. ಬೆಂಗಳೂರಿನಲ್ಲಿ ಪೋಲೋ ಆಡುವಾಗಲೂ ತೋಳಿಗೆ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಎರಡು ವರ್ಷದ ಬಳಿಕ, 1898ರ ಸೆಪ್ಟೆಂಬರ್ 2ರಂದು, ಸೂಡಾನಿನ ಒಮ್‌ಡರ್ಮನ್‌ನಲ್ಲಿ ಕುದುರೆ ಸವಾರರು ಶತ್ರುವಿನ ಮೇಲೆ ನುಗ್ಗಿದಾಗ ಹೆಗಲಿನ ಕಾರಣಕ್ಕೆ ಕತ್ತಿಯನ್ನು ಒರೆಗೆ ಸೇರಿಸಿ, ಲಂಡನ್ನಿನಲ್ಲಿ ಕೊಂಡಿದ್ದ ಮೌಸರನ್ನು ಹಿಡಿದರು. ಅದರಿಂದಲೇ ಬದುಕಿದೆ ಎಂಬ ಭಾವ ಅವರಿಗೆ ಕೊನೆಯವರೆಗೂ ಇತ್ತು.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಚರಿತ್ರೆ ಇರುವ ಮೌಸರ್‌ಗಳು ಬೇರೆ ಇವೆ. ಅವು ಐವತ್ತು. ಅವನ್ನು ಕೊಂಡವರಿಲ್ಲ, ಉಡುಗೊರೆಯಾಗಿ ಪಡೆದವರಿಲ್ಲ. 1914ರ ಆಗಸ್ಟ್ 26ರ ಬುಧವಾರ ಕಲ್ಕತ್ತದ ನಡುಪೇಟೆಯಲ್ಲಿ, ಹಾಡಹಗಲಲ್ಲಿ, ಒಂದು ಎತ್ತಿನಗಾಡಿಯಲ್ಲಿ ಅವು ಮಾಯವಾದವು. ಅವುಗಳ ಹಿಂದೆ ಹೊರಟ ಸರ್ಕಾರ ನಾಲ್ಕೇ ವರ್ಷಗಳಲ್ಲಿ ರೌಲತ್ ಕಾಯಿದೆಯ ಬಾಗಿಲಿಗೆ ಬಂದು ನಿಂತಿತು.

ಬಂಗಾಳದ ಕ್ರಾಂತಿಕಾರಿಗಳಿಗೆ ಪಿಸ್ತೂಲು ಯಾಕೆ ಅಷ್ಟು ದುರ್ಲಭವಾಗಿತ್ತು ಎಂಬುದನ್ನು ಮೊದಲು ತಿಳಿಯಬೇಕು. 1878ರ ಶಸ್ತ್ರಾಸ್ತ್ರ ಕಾಯಿದೆ ಭಾರತೀಯರು ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವುದನ್ನು ನಿಷೇಧಿಸಿತ್ತು. ಯುರೋಪಿಯನ್ನರಿಗೆ ಆ ಕಟ್ಟು ಇರಲಿಲ್ಲ. 1905ರ ಬಂಗಾಳ ವಿಭಜನೆಯ ನಂತರ ಅನುಶೀಲನ ಸಮಿತಿ, ಜುಗಾಂತರ ಮತ್ತು ಹತ್ತಾರು ಸಣ್ಣ ಗುಂಪುಗಳಲ್ಲಿ ಹುಡುಗರು ಸೇರಿದರು. ಅವರಲ್ಲಿ ಹುರುಪಿತ್ತು, ಪ್ರತಿಜ್ಞೆಯಿತ್ತು, ಗರಡಿಯ ಸಾಧನೆಯಿತ್ತು. ಆಯುಧ ಇರಲಿಲ್ಲ. ಹಾಗಾಗಿ ಬಾಂಬಿನ ಕಡೆ ತಿರುಗಿದರು. 1908ರ ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಎಸೆದ ಬಾಂಬು ಗುರಿಯಾಗಿದ್ದ ನ್ಯಾಯಾಧೀಶ ಕಿಂಗ್ಸ್‌ಫರ್ಡ್‌ಗೆ ತಾಗದೆ ಕೆನಡಿ ಕುಟುಂಬದ ಇಬ್ಬರು ಹೆಣ್ಣುಮಕ್ಕಳ ಪ್ರಾಣ ತೆಗೆಯಿತು. ಬಾಂಬು ಯಾರನ್ನು ಕೊಲ್ಲುತ್ತದೆಂದು ಎಸೆದವನಿಗೂ ಗೊತ್ತಿರುವುದಿಲ್ಲ ಎಂಬ ಸತ್ಯ ಆ ರಾತ್ರಿ ಕ್ರೂರವಾಗಿ ಬಯಲಾಯಿತು.

ರಿವಾಲ್ವರ್‌ಗಳಿಗೆ ಇದ್ದದ್ದು ಒಂದೇ ಸಂದಿ, ಫ್ರೆಂಚರ ಕೈಯಲ್ಲಿದ್ದ ಚಂದ್ರನಗರ. ಫ್ರಾನ್ಸಿನ ಸೆಂತ್ ಎತಿಯೆನ್ ಊರಿನ ಕಾರ್ಖಾನೆಯಿಂದ ಅಲ್ಲಿನ ನಿವಾಸಿಗಳು ಅಂಚೆಯ ಮೂಲಕವೇ ಆಯುಧ ತರಿಸಬಹುದಾಗಿತ್ತು. ಆ ಸಂದಿಯೂ ಮುಚ್ಚಿತು. ಮುಚ್ಚಿಸಲು ಮುಂದಾದ ಅಲ್ಲಿನ ಮೇಯರ್ ತಾರ್ದಿವೆಲ್ ಮನೆಗೆ 1908ರಲ್ಲಿ ಬಾಂಬು ಬಿತ್ತು. ಆತ ಬದುಕಿದ. ಅಲ್ಲಿಂದ ಮುಂದೆ ಒಂದೊಂದು ಹಳೆಯ ರಿವಾಲ್ವರಿಗೂ ನಾವಿಕರನ್ನು ಹಿಡಿದು, ಕಳ್ಳಪೇಟೆಯಲ್ಲಿ ಚೌಕಾಸಿ ಮಾಡಿ, ದುಬಾರಿ ಬೆಲೆ ತೆತ್ತು ತರಬೇಕಾಗಿತ್ತು. ತಂದದ್ದು ಸಮಯಕ್ಕೆ ಸಿಡಿಯುತ್ತದೆಂಬ ಭರವಸೆಯೂ ಇರಲಿಲ್ಲ.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಭಾರತದ ಪಡೆಗಳು ಹಡಗು ಹತ್ತತೊಡಗಿದವು. ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ಕಲ್ಕತ್ತದ ಗುಪ್ತ ಸಮಿತಿಗಳಿಗೆ ಅನ್ನಿಸಿದ್ದು ಸಹಜ. ಅದೇ ಹೊತ್ತಿಗೆ ಒಂದು ಸುದ್ದಿ ಬಂತು. ತಂದವನು ಒಬ್ಬ ಗುಮಾಸ್ತ.

ಶ್ರೀಶಚಂದ್ರ ಮಿತ್ರ, ಗೆಳೆಯರಿಗೆ ಹಾಬು. ಆರ್. ಬಿ. ರೋಡಾ ಆ್ಯಂಡ್ ಕಂಪನಿ ಎಂಬ ಇಂಗ್ಲಿಷರ ಆಯುಧದಂಗಡಿಯಲ್ಲಿ ಅವನಿಗೆ ಕೆಲಸ. ಬಂದರಿಗೆ ಬಂದ ಸರಕನ್ನು ಕಸ್ಟಮ್ಸ್ ಹೌಸಿನಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡು ಗೋದಾಮಿಗೆ ಸಾಗಿಸುವುದು ಅವನ ಹೊಣೆ. ರಸೀದಿ, ಸಹಿ, ಕೂಲಿಗಳು, ಗಾಡಿಯವರು, ಬಂದರಿನ ಬಾಬುಗಳ ಸ್ವಭಾವ, ಇವೆಲ್ಲ ಅವನಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಕಂಪನಿಗೆ ಅವನ ಮೇಲೆ ಪೂರ್ತಿ ನಂಬಿಕೆ. ಬಿಪಿನ್ ಬಿಹಾರಿ ಗಂಗೂಲಿ ಮತ್ತು ಅನುಕೂಲ ಮುಖರ್ಜಿ ನಡೆಸುತ್ತಿದ್ದ ಆತ್ಮೋನ್ನತಿ ಸಮಿತಿಗೂ ಅವನ ಮೇಲೆ ಅಷ್ಟೇ ನಂಬಿಕೆ. ರೋಡಾ ಕಂಪನಿಗೆ ದೊಡ್ಡದೊಂದು ಸರಕು ಬರುತ್ತಿದೆ, ಅದರಲ್ಲಿ ಮೌಸರ್‌ಗಳಿವೆ ಎಂದು ಅವನು ತಿಳಿಸಿದ.

ಬೌಬಜಾರ್ ಕಡೆಯ ಛಾತಾವಾಲಾ ಗಲ್ಲಿಯಲ್ಲಿ ಬೇರೆ ಬೇರೆ ಗುಂಪುಗಳ ಹುಡುಗರು ಸೇರಿದರು. ಢಾಕಾದ ಮುಕ್ತಿ ಸಂಘದ ಶ್ರೀಶ ಪಾಲ್ ಯೋಜನೆ ಮುಂದಿಟ್ಟ. ಪಟ್ಟಣದ ಹೃದಯಭಾಗ, ಲಾಟರ ಬಂಗಲೆಯಿಂದ ಕೂಗಳತೆ, ಪೊಲೀಸರ ಕಚೇರಿಗಳ ನೆರಳು. ಅಂಥಲ್ಲಿ ಹಗಲು ಹೊತ್ತು ಆಯುಧದ ಪೆಟ್ಟಿಗೆ ಎತ್ತುವುದು! ಇದು ಆಗುವ ಹೋಗುವ ಮಾತಲ್ಲವೆಂದು ಇಬ್ಬರು ಎದ್ದು ನಡೆದರು. ಆ ಇಬ್ಬರಲ್ಲಿ ಒಬ್ಬರು ನರೇಂದ್ರನಾಥ ಭಟ್ಟಾಚಾರ್ಯ, ಮುಂದೆ ಎಂ. ಎನ್. ರಾಯ್ ಎಂಬ ಹೆಸರಿನಿಂದ ಮೆಕ್ಸಿಕೋದಿಂದ ಮಾಸ್ಕೋವರೆಗೆ ಪ್ರಸಿದ್ಧರಾದವರು. ಉಳಿದವರು ಕದಲಲಿಲ್ಲ.

ಯೋಜನೆ ಸರಳವಾಗಿತ್ತು, ಅದೇ ಅದರ ಶಕ್ತಿ. ಗೋಡೆ ಒಡೆಯುವುದು, ಕಾವಲುಗಾರನನ್ನು ಕಟ್ಟಿಹಾಕುವುದು, ಗುಂಡು ಹಾರಿಸುವುದು ಯಾವುದೂ ಬೇಡ. ಸರಕು ಸಾಗಿಸಲು ಹೇಗೂ ಗಾಡಿಗಳು ಬೇಕು, ಗಾಡಿ ಗೊತ್ತು ಮಾಡುವವನು ಶ್ರೀಶ ಮಿತ್ರನೇ. ಅವುಗಳಲ್ಲಿ ಒಂದು ತಮ್ಮದಾಗಿದ್ದರೆ ಸಾಕು. ಗಾಡಿ ಹೊಡೆಯಲು ಹರಿದಾಸ ದತ್ತ ಒಪ್ಪಿದ. ಬಂಗಾಳಿ ಭದ್ರಲೋಕದ ಯುವಕ ಕಲ್ಕತ್ತದ ಹಿಂದೂಸ್ತಾನಿ ಗಾಡಿಯವನಂತೆ ಕಾಣಬೇಕು. ಈ ವೇಷದ ಕೆಲಸಕ್ಕೆ ನೆರವಾದವರು ಮಾರ್ವಾಡಿ ವಿದ್ಯಾರ್ಥಿ ಪ್ರಭುದಯಾಳ್ ಹಿಮ್ಮತ್‌ಸಿಂಗ್‌ಕಾ, ಮುಂದೆ ಹೆಸರಾಂತ ವಕೀಲರೂ ಲೋಕಸಭೆಯ ಸದಸ್ಯರೂ ಆದವರು. ತಲೆಗೂದಲು ಸಣ್ಣಗೆ ಕತ್ತರಿಸಿ, ಕೊಳಕು ಧೋತರ ಉಡಿಸಿ, ಹರಕು ಬನಿಯನ್ ತೊಡಿಸಿ, ಕೊರಳಿಗೆ ಹಿತ್ತಾಳೆಯ ತಾಯಿತ ಕಟ್ಟಿದರು.

ಆಗಸ್ಟ್ 26ರಂದು ಕಸ್ಟಮ್ಸ್ ಹೌಸಿನ ಮುಂದೆ ಏಳು ಎತ್ತಿನಗಾಡಿಗಳು ನಿಂತವು. ಶ್ರೀಶ ಮಿತ್ರ ಕಾಗದ ಪತ್ರ ಮುಗಿಸಿ ಒಟ್ಟು 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡ. ಆರು ಗಾಡಿಗಳಿಗೆ 192 ಪೆಟ್ಟಿಗೆ, ಏಳನೆಯದಕ್ಕೆ ಹತ್ತು. ಗಾಡಿಗಳು ಸಾಲಾಗಿ ಹೊರಟವು. ಮುಂದೆ ಗುಮಾಸ್ತ, ಕೊನೆಯಲ್ಲಿ ಹರಿದಾಸ. ಶ್ರೀಶ ಪಾಲ್ ಮತ್ತು ಖಗೇನ ದಾಸ್ ಪಾದಚಾರಿಗಳಂತೆ ಅಕ್ಕಪಕ್ಕ ನಡೆದರು. ಡಾಲ್‌ಹೌಸಿ ಚೌಕದ ಬಳಿಯ ವ್ಯಾನ್ಸಿಟಾರ್ಟ್ ರೋನಲ್ಲಿ ಕಂಪನಿಯ ಗೋದಾಮು. ಆರು ಗಾಡಿಗಳು ಆ ಕಡೆ ಹೊರಳಿದವು. ಏಳನೆಯದು ಹೊರಳಲಿಲ್ಲ. ನೇರವಾಗಿ ಹೋಗಿ, ಸಂದಿಗೊಂದಿ ದಾಟಿ, ಮಲಂಗಾ ಲೇನ್‌ನಲ್ಲಿ ಕಬ್ಬಿಣದ ಸಾಮಾನು ಪೇರಿಸಿಟ್ಟ ಒಂದು ಅಂಗಳಕ್ಕೆ ಬಂದು ನಿಂತಿತು.

ಗೋದಾಮಿನಲ್ಲಿ ಶ್ರೀಶ ಮಿತ್ರ 192 ಪೆಟ್ಟಿಗೆಗಳನ್ನು ಇಳಿಸಿಕೊಟ್ಟ. ಇನ್ನು ಹತ್ತು ಉಳಿದಿವೆ, ತರುತ್ತೇನೆ ಎಂದು ಹೇಳಿ ಹೊರಟ. ಅವನು ಮತ್ತೆ ಆ ಗೋದಾಮಿನ ಮೆಟ್ಟಿಲು ಹತ್ತಲಿಲ್ಲ.

ಕಂಪನಿ ಅವನಿಗಾಗಿ ಕಾಯಿತು. ಒಂದು ದಿನ, ಎರಡು ದಿನ. ಮೂರನೆಯ ದಿನ ಪೊಲೀಸರಿಗೆ ತಿಳಿಸಿತು. ಅಷ್ಟರಲ್ಲಿ ಹತ್ತು ಪೆಟ್ಟಿಗೆಗಳ ಸರಕು ಕುದುರೆಗಾಡಿಗಳಲ್ಲಿ ಮನೆಯಿಂದ ಮನೆಗೆ ದಾಟಿ ಪಟ್ಟಣದಲ್ಲಿ ಕರಗಿಹೋಗಿತ್ತು: 50 ಮೌಸರ್ ಪಿಸ್ತೂಲುಗಳು, 46,000 ತೋಟಾಗಳು. ಒಂದು ತೊಟ್ಟು ರಕ್ತ ಚೆಲ್ಲಿರಲಿಲ್ಲ.

ಪೊಲೀಸರ ಕೈಯಲ್ಲಿ ಒಂದು ಸುಳಿವಿತ್ತು. ಪ್ರತಿ ಪಿಸ್ತೂಲಿನ ಮೇಲೂ ತಯಾರಕರ ಸಂಖ್ಯೆ ಇತ್ತು, ಆ ಸಂಖ್ಯೆಗಳೆಲ್ಲ ರೋಡಾ ಕಂಪನಿಯ ಲೆಕ್ಕದ ಪುಸ್ತಕದಲ್ಲಿದ್ದವು. ಮುಂದಿನ ವರ್ಷಗಳಲ್ಲಿ ಬಂಗಾಳದ ಯಾವ ಮೂಲೆಯಲ್ಲಿ ಮೌಸರ್ ಸಿಕ್ಕರೂ ಅದನ್ನು ಆ ಪುಸ್ತಕಕ್ಕೆ ತಾಳೆ ನೋಡಿದರೆ ಸಾಕಾಗಿತ್ತು. ಇಂದಿನ ಸಂಗ್ರಾಹಕ ಬೆಲೆ ಕಟ್ಟಲು ಹುಡುಕುವ ಅದೇ ಸಂಖ್ಯೆ ಅಂದು ಹುಡುಗರನ್ನು ಜೈಲಿಗೆ ಕಳಿಸುವ ಸಾಕ್ಷಿಯಾಯಿತು.

ಹರಿದಾಸ ದತ್ತನೂ ಅವನ ಕೆಲವು ಸಂಗಡಿಗರೂ ತಿಂಗಳುಗಳಲ್ಲೇ ಸಿಕ್ಕಿಬಿದ್ದು ಸೆರೆಮನೆ ಸೇರಿದರು. ಪಿಸ್ತೂಲುಗಳು ಮಾತ್ರ ಆಗಲೇ ಹಂಚಿಹೋಗಿದ್ದವು. 44 ಪಿಸ್ತೂಲುಗಳು ಒಂಬತ್ತು ಬೇರೆ ಬೇರೆ ಗುಂಪುಗಳಿಗೆ ತಲುಪಿದವೆಂದು ಸರ್ಕಾರ ಮುಂದೆ ಲೆಕ್ಕ ಕೊಟ್ಟಿತು. ಈ ಹಂಚಿಕೆಯನ್ನು ನಾನು ಕಳವಿನಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಬಂಗಾಳದ ಗುಪ್ತ ಸಮಿತಿಗಳು ಪರಸ್ಪರ ನಂಬುತ್ತಿರಲಿಲ್ಲ. ಒಬ್ಬರ ಹುಡುಗನನ್ನು ಇನ್ನೊಬ್ಬರು ಸೆಳೆದುಕೊಂಡರೆಂಬ ಜಗಳ ನಿತ್ಯದ್ದು. ಅಂಥವರು ಕೈಗೆ ಸಿಕ್ಕ ಆಯುಧವನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ ಹಂಚಿಕೊಂಡರು. ಕೆಲಕಾಲವಾದರೂ ಅವರು ಒಂದೇ ಪಡೆಯಂತೆ ನಡೆದುಕೊಂಡರು. ಅವರನ್ನು ಒಂದುಗೂಡಿಸುತ್ತಿದ್ದವರು ಜತೀಂದ್ರನಾಥ ಮುಖರ್ಜಿ, ಹುಲಿಯೊಂದನ್ನು ಹತ್ತಿರದಿಂದ ಸೆಣಸಿ ಕೊಂದು ಬಾಘಾ ಜತೀನ್ ಎನಿಸಿಕೊಂಡವರು. ಅವರೂ ಒಂದು ಕಾಲಕ್ಕೆ ಸರ್ಕಾರಿ ಕಚೇರಿಯ ಸ್ಟೆನೋಗ್ರಾಫರ್ ಆಗಿದ್ದವರು.

1915ರ ಮೊದಲ ತಿಂಗಳುಗಳಲ್ಲಿ ಕಲ್ಕತ್ತ ಹಿಂದೆಂದೂ ನೋಡದ ಬಗೆಯ ದರೋಡೆಗಳನ್ನು ಕಂಡಿತು. ಫೆಬ್ರವರಿ 12ರಂದು ಗಾರ್ಡನ್ ರೀಚ್‌ನಲ್ಲಿ ಟ್ಯಾಕ್ಸಿಯಲ್ಲಿ ಬಂದ ಯುವಕರು ಬರ್ಡ್ ಕಂಪನಿಯ 18,000 ರೂಪಾಯಿ ದೋಚಿದರು. ಇದರ ಮುಂದಾಳು ಆರು ತಿಂಗಳ ಹಿಂದೆ ಸಭೆಯಿಂದ ಎದ್ದು ನಡೆದಿದ್ದ ನರೇಂದ್ರನಾಥ ಭಟ್ಟಾಚಾರ್ಯರೇ. ಹತ್ತು ದಿನದಲ್ಲಿ ಬೇಲೆಘಾಟದಲ್ಲಿ ಇನ್ನೊಂದು. ಅದೇ ತಿಂಗಳ 28ರಂದು ಕಾರ್ನ್‌ವಾಲಿಸ್ ಚೌಕದಲ್ಲಿ ಇನ್‌ಸ್ಪೆಕ್ಟರ್ ಸುರೇಶ ಮುಖರ್ಜಿ ಗುಂಡಿಗೆ ಬಲಿಯಾದರು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ವರ್ಷಗಳಲ್ಲಿ ಮೌಸರ್ ಗುಂಡಿಗೆ ಸತ್ತವರಲ್ಲಿ ಹೆಚ್ಚಿನವರು ಇಂಗ್ಲಿಷರಲ್ಲ. ಬಂಗಾಳಿ ಪೊಲೀಸರು, ಹಳ್ಳಿಯ ಸಾಹುಕಾರರು, ಅಡ್ಡಬಂದ ಊರವರು, ಬಾತ್ಮೀದಾರನೆಂಬ ಸಂಶಯಕ್ಕೆ ಸಿಕ್ಕವರು. ಅವರ ಮನೆಗಳಲ್ಲೂ ಅತ್ತವರಿದ್ದರು. ದೇಶಕ್ಕಾಗಿ ದೋಚಿದ ಹಣವೆಂದು ಹುಡುಗರು ನಂಬಿದ್ದರು, ಕೆಲವು ಕಡೆ ಸ್ವರಾಜ್ಯ ಬಂದ ಮೇಲೆ ತೀರಿಸುತ್ತೇವೆಂಬ ಭರವಸೆಯನ್ನೂ ಕೊಟ್ಟಿದ್ದರು. ನಂಬಿಕೆ ನಿಜವಾಗಿದ್ದರೂ ಸತ್ತವರ ಮನೆಗೆ ಅದರಿಂದ ಸಮಾಧಾನವಿರಲಿಲ್ಲ. ಆ ಪಿಸ್ತೂಲುಗಳನ್ನು ಪೂಜೆಗಿಡುವ ಮುನ್ನ ನಾವು ಇದನ್ನೂ ನೆನೆಯಬೇಕು.

ದರೋಡೆಯೇ ಗುರಿಯಾಗಿರಲಿಲ್ಲ. ಹಣ ಬೇಕಾಗಿದ್ದದ್ದು ದೊಡ್ಡ ದಂಗೆಗೆ. ಜರ್ಮನ್ ಸರ್ಕಾರದ ನೆರವಿನಿಂದ ಅಮೆರಿಕದ ಕರಾವಳಿಯಿಂದ ಸಾವಿರಾರು ಬಂದೂಕುಗಳನ್ನು ಹಡಗಿನಲ್ಲಿ ತರಿಸುವ ಸಂಚು ನಡೆದಿತ್ತು. ಅದನ್ನು ಬರಮಾಡಿಕೊಳ್ಳಲು 1915ರ ಏಪ್ರಿಲ್‌ನಲ್ಲಿ ನರೇಂದ್ರನಾಥ ಬಟೇವಿಯಾಕ್ಕೆ ಹೊರಟರು. ಜತೀನ್ ನಾಲ್ವರು ಸಂಗಡಿಗರೊಂದಿಗೆ ಒರಿಸ್ಸಾದ ಬಾಲೇಶ್ವರದ ಕಾಡುಗಳಲ್ಲಿ ಕಾಯುತ್ತಾ ಕುಳಿತರು. ಬಂದೂಕು ತುಂಬಿಕೊಂಡು ಹೊರಟ ಆನಿ ಲಾರ್ಸನ್ ಎಂಬ ಹಾಯಿಹಡಗು ಸಮುದ್ರದ ನಡುವೆ ಮ್ಯಾವೆರಿಕ್ ಎಂಬ ದೊಡ್ಡ ಹಡಗನ್ನು ಸೇರಿ ಸರಕು ದಾಟಿಸಬೇಕಿತ್ತು. ಎರಡೂ ಒಂದನ್ನೊಂದು ಸೇರಲೇ ಇಲ್ಲ. ಮ್ಯಾವೆರಿಕ್ ಬರಿಗೈಯಲ್ಲಿ ಜಾವಾ ತಲುಪಿತು. ಸಾವಿರಾರು ಬಂದೂಕುಗಳ ಕನಸು ಮುಗಿದು, ಕೊನೆಗೆ ಉಳಿದದ್ದು ಹಾಬು ಮಿತ್ರ ತಂದುಕೊಟ್ಟ ಪಿಸ್ತೂಲುಗಳು.

ಸೆಪ್ಟೆಂಬರ್ 9ರಂದು ಬುಢಾಬಲಂಗ ನದಿಯ ಹತ್ತಿರ ಚಷಾಖಂಡದಲ್ಲಿ ಜತೀನ್ ಮತ್ತು ಅವರ ನಾಲ್ವರನ್ನು ಪೊಲೀಸರು ಸುತ್ತುವರಿದರು. ಮಳೆಗಾಲದ ಕೆಸರು, ಹಸಿವು, ಹಳ್ಳಿಗರು ದರೋಡೆಕೋರರೆಂದು ಭಾವಿಸಿ ಹಿಂದೆ ಬಿದ್ದಿದ್ದರು. ಎದುರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಕಿಲ್ಬಿ, ಕಲ್ಕತ್ತದಿಂದ ಬಂದ ಚಾರ್ಲ್ಸ್ ಟೆಗಾರ್ಟ್, ಬಂದೂಕು ಹಿಡಿದ ಪಡೆ. ಈ ಐವರು ದಿಬ್ಬದ ಮರೆಯಲ್ಲಿ ಮಲಗಿ, ಮರದ ಒರೆಯನ್ನು ಮೌಸರ್‌ಗೆ ಸಿಕ್ಕಿಸಿ ಹೆಗಲಿಗಾನಿಸಿ ಹೊಡೆದರು. ಒಂದು ಗಂಟೆಗೂ ಮಿಕ್ಕಿ ಆ ಪಡೆಯನ್ನು ದೂರದಲ್ಲೇ ತಡೆದರು. ಪಿಸ್ತೂಲಿನಿಂದ ಇದು ಸಾಧ್ಯವೆಂದು ಎದುರಾಳಿಗಳು ಎಣಿಸಿರಲಿಲ್ಲ. ಚಿತ್ತಪ್ರಿಯ ರಾಯ್‌ಚೌಧುರಿ ಅಲ್ಲೇ ಸತ್ತರು. ಜತೀನ್ ಮರುದಿನ ಬಾಲೇಶ್ವರದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮನೋರಂಜನ ಸೇನ್‌ಗುಪ್ತ, ನೀರೇಂದ್ರನಾಥ ದಾಸ್‌ಗುಪ್ತ ಗಲ್ಲಿಗೇರಿದರು. ಜ್ಯೋತಿಷ ಪಾಲ್ ಕರಿನೀರಿನ ಶಿಕ್ಷೆಗೆ ಗುರಿಯಾಗಿ ಬುದ್ಧಿ ಕಳೆದುಕೊಂಡು ತೀರಿಕೊಂಡರು. ಭಾರತದ ಕ್ರಾಂತಿಕಾರಿಗಳು ಬ್ರಿಟಿಷರ ಪಡೆಯನ್ನು ಬಯಲಿನಲ್ಲಿ ಎದುರುಬದುರು ನಿಂತು ಎದುರಿಸಿದ ಮೊದಲ ಕಾಳಗಗಳಲ್ಲಿ ಇದೂ ಒಂದು. ಅದನ್ನು ಸಾಧ್ಯವಾಗಿಸಿದ್ದು ಆ ಏಳನೆಯ ಗಾಡಿ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇದು ಬಂಗಾಳದ ಸಾಹಸಗಳ ಸಾಲಿನಲ್ಲಿ ಇನ್ನೊಂದಾಗಿ ಉಳಿಯುತ್ತಿತ್ತು. ಆದರೆ ಸರ್ಕಾರಕ್ಕೆ ಆ ಪಿಸ್ತೂಲುಗಳು ಹಿಡಿಸಿದ ದಿಗಿಲು ಬೇರೆಯೇ ತೂಕದ್ದು. 1915ರ ಮಾರ್ಚ್‌ನಲ್ಲಿ ಭಾರತ ರಕ್ಷಣಾ ಕಾಯಿದೆ ಬಂತು. ವಿಚಾರಣೆಯಿಲ್ಲದೆ ಬಂಧಿಸುವ, ಊರು ಬಿಡದಂತೆ ಕಟ್ಟಿಡುವ ಅಧಿಕಾರ ಅಧಿಕಾರಿಗಳಿಗೆ ಸಿಕ್ಕಿತು. ಬಂಗಾಳದಲ್ಲಿ ನೂರಾರು ಯುವಕರು ಹಾಗೆ ಕೂಡಿಹಾಕಲ್ಪಟ್ಟರು. ಆ ಕಾಯಿದೆ ಯುದ್ಧದ ಕಾಲಕ್ಕೆ ಮಾತ್ರ. ಯುದ್ಧ ಮುಗಿದ ಮೇಲೇನು? ಈ ಪ್ರಶ್ನೆಗೆ ಉತ್ತರ ಹುಡುಕಲು 1917ರ ಡಿಸೆಂಬರ್‌ನಲ್ಲಿ ಒಂದು ಸಮಿತಿ ನೇಮಕವಾಯಿತು. ಅಧ್ಯಕ್ಷರು ಇಂಗ್ಲೆಂಡಿನ ನ್ಯಾಯಾಧೀಶ ಸಿಡ್ನಿ ರೌಲತ್. ಸದಸ್ಯರಲ್ಲಿ ಇಬ್ಬರು ಭಾರತೀಯರು, ಮದರಾಸು ಹೈಕೋರ್ಟಿನ ನ್ಯಾಯಾಧೀಶ ಸಿ. ವಿ. ಕುಮಾರಸ್ವಾಮಿ ಶಾಸ್ತ್ರಿ ಮತ್ತು ಕಲ್ಕತ್ತದ ವಕೀಲ ಪ್ರಭಾಸಚಂದ್ರ ಮಿತ್ರ. 1918ರ ಏಪ್ರಿಲ್‌ನಲ್ಲಿ ವರದಿ ಸಿದ್ಧವಾಯಿತು.

ಆ ವರದಿಯಲ್ಲಿ ರೋಡಾ ಕಳವಿಗೆ ವಿಶೇಷ ಜಾಗವಿದೆ. ಕ್ರಾಂತಿಕಾರಿ ಅಪರಾಧದ ಬೆಳವಣಿಗೆಯಲ್ಲಿ ಅದು ಬಹು ಮಹತ್ವದ ಘಟನೆಯೆಂದು ಸಮಿತಿ ಎಣಿಸಿತು. ಕದ್ದ ಮೌಸರ್‌ಗಳು 54 ದರೋಡೆ, ಕೊಲೆ, ಅವುಗಳ ಪ್ರಯತ್ನಗಳಲ್ಲಿ ಬಳಕೆಯಾದವು, 1914ರ ಆಗಸ್ಟ್ ನಂತರ ಬಂಗಾಳದಲ್ಲಿ ಇವು ಕಾಣದ ಕ್ರಾಂತಿಕಾರಿ ಕೃತ್ಯಗಳೇ ವಿರಳ ಎಂದು ಬರೆಯಿತು. ಅಷ್ಟರೊಳಗೆ 31 ಪಿಸ್ತೂಲುಗಳು ಪೊಲೀಸರಿಗೆ ಮರಳಿ ಸಿಕ್ಕಿದ್ದವು.

ಈ ಅಂಕಿಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಮಿತಿ ಮುಚ್ಚಿದ ಬಾಗಿಲ ಹಿಂದೆ ಕುಳಿತು, ಮುಖ್ಯವಾಗಿ ಪೊಲೀಸರ ಕಡತಗಳನ್ನು ನಂಬಿ ಬರೆದ ವರದಿ ಅದು. ಯಾವ ಮಾಹಿತಿಯನ್ನು ನ್ಯಾಯಾಲಯದಲ್ಲಿ ಪರೀಕ್ಷೆಗೊಡ್ಡಿರಲಿಲ್ಲವೋ ಅದೂ ಅಲ್ಲಿ ಸತ್ಯವಾಗಿ ದಾಖಲಾಯಿತು. ಅಪಾಯ ದೊಡ್ಡದೆಂದು ತೋರಿಸಿದಷ್ಟೂ ಹೊಸ ಕಾಯಿದೆಗೆ ದಾರಿ ಸಲೀಸು. ಹಾಗಾಗಿ ಅಂಕಿಗಳು ಉಬ್ಬಿವೆ ಎನ್ನುವವರಿದ್ದಾರೆ. ಇನ್ನೊಂದು ತಕರಾರು ಕ್ರಾಂತಿಕಾರಿಗಳ ಕಡೆಯದು. ಸ್ವಾತಂತ್ರ್ಯಾನಂತರ ಬಂದ ನೆನಪುಗಳಲ್ಲಿ ಆತ್ಮೋನ್ನತಿಯವರು ಯೋಜನೆ ತಮ್ಮದೆಂದರು, ಮುಕ್ತಿ ಸಂಘದವರು ತಮ್ಮದೆಂದರು, ಜುಗಾಂತರದವರು ಹಿಂದೆ ನಿಂತವರು ತಾವೆಂದರು. ಎಲ್ಲವನ್ನೂ ಇಟ್ಟು ತೂಗಿದರೆ ನನಗೆ ಕಾಣುವುದು ಇಷ್ಟು: ಒಬ್ಬರ ಮಾಹಿತಿ, ಇನ್ನೊಬ್ಬರ ಧೈರ್ಯ, ಮತ್ತೊಬ್ಬರ ಅಂಗಳ ಸೇರದಿದ್ದರೆ ಇದು ನಡೆಯುತ್ತಿರಲಿಲ್ಲ. ಸರ್ಕಾರದ ಅಂಕಿಯಲ್ಲಿ ಉತ್ಪ್ರೇಕ್ಷೆ ಇದ್ದೀತು, ಆದರೆ ದಿಗಿಲು ಸುಳ್ಳಲ್ಲ.

ರೌಲತ್ ಕಾಯಿದೆಗೆ ಈ ಕಳವೊಂದೇ ಕಾರಣವೆಂದು ಹೇಳಿದರೆ ಅದು ತಪ್ಪು. ಗದರ್ ಪಕ್ಷದವರ ಪಂಜಾಬಿನ ಸಂಚು, ಸಿಂಗಪುರದ ಸೈನಿಕ ದಂಗೆ, ಜರ್ಮನರ ಕೈವಾಡ ಎಲ್ಲವೂ ಸರ್ಕಾರದ ಮನಸ್ಸಿನಲ್ಲಿದ್ದವು. ಆದರೆ ಉಳಿದ ಸಂಚುಗಳು ಬಹುಮಟ್ಟಿಗೆ ಮೊಳಕೆಯಲ್ಲೇ ಹಿಸುಕಲ್ಪಟ್ಟಿದ್ದವು. ವರ್ಷಗಟ್ಟಲೆ ಸದ್ದು ಮಾಡುತ್ತಲೇ ಇದ್ದದ್ದು ಬಂಗಾಳದ ಮೌಸರ್‌ಗಳು. ಸಾಮಾನ್ಯ ಕಾನೂನಿನಿಂದ ಇವರನ್ನು ಹಿಡಿಯಲಾಗದು, ಸಾಕ್ಷಿ ಹೇಳಲು ಜನ ಹೆದರುತ್ತಾರೆ ಎಂಬ ಸಮಿತಿಯ ವಾದಕ್ಕೆ ಬೆನ್ನೆಲುಬಾಗಿ ನಿಂತದ್ದು ಬಂಗಾಳದ ಅನುಭವವೇ.

1919ರ ಮಾರ್ಚ್‌ನಲ್ಲಿ ಕಾಯಿದೆ ಅಂಗೀಕಾರವಾಯಿತು. ಶಾಸನ ಸಭೆಯ ಚುನಾಯಿತ ಭಾರತೀಯ ಸದಸ್ಯರೆಲ್ಲ ವಿರೋಧಿಸಿದರು. ಮೊಹಮ್ಮದ್ ಅಲಿ ಜಿನ್ನಾ ರಾಜೀನಾಮೆ ಕೊಟ್ಟರು. ಯುದ್ಧಕ್ಕೆ ಲಕ್ಷಾಂತರ ಮಕ್ಕಳನ್ನು ಕಳಿಸಿಕೊಟ್ಟ ದೇಶಕ್ಕೆ ಸಿಕ್ಕ ಪ್ರತಿಫಲ ಇದೇ ಎಂದು ಜನ ಕುದಿದರು. ಗಾಂಧೀಜಿ ಮೊದಲ ಬಾರಿಗೆ ಇಡೀ ದೇಶಕ್ಕೆ ಕರೆ ಕೊಟ್ಟರು. ಏಪ್ರಿಲ್ 6ರಂದು ಅಂಗಡಿ ಮುಚ್ಚಿದವು, ಜನ ಉಪವಾಸವಿದ್ದರು. ಪಿಸ್ತೂಲು ಹಿಡಿಯಲು ಎಂದೂ ಒಪ್ಪದ ಮನುಷ್ಯ, ಪಿಸ್ತೂಲಿನ ಭಯದಿಂದ ಹುಟ್ಟಿದ ಕಾಯಿದೆಯನ್ನು ಎದುರಿಸುತ್ತಲೇ ದೇಶದ ನಾಯಕರಾದರು.

ಏಪ್ರಿಲ್ 10ರಂದು ಅಮೃತಸರದಲ್ಲಿ ಸತ್ಯಪಾಲ್ ಮತ್ತು ಸೈಫುದ್ದೀನ್ ಕಿಚ್ಲು ಅವರನ್ನು ಬಂಧಿಸಿ ಊರಾಚೆ ಸಾಗಿಸಿದರು. ಊರು ಹೊತ್ತಿಕೊಂಡಿತು. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ನಿರಾಯುಧರ ಮೇಲೆ ಬ್ರಿಗೇಡಿಯರ್ ಜನರಲ್ ಡಯರ್ ಗುಂಡು ಹಾರಿಸಿದ. ಸುಮಾರು ಹತ್ತು ನಿಮಿಷದಲ್ಲಿ 1,650 ಗುಂಡುಗಳು. ಸರ್ಕಾರದ ಲೆಕ್ಕದಲ್ಲೇ 379 ಹೆಣಗಳು, ಭಾರತೀಯರ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಬಂಗಾಳದ ಹುಡುಗರ ಕೈಯಲ್ಲಿದ್ದ 46,000 ತೋಟಾಗಳಿಗೆ ನಾಲ್ಕು ವರ್ಷ ಬೆಚ್ಚಿದ ಸರ್ಕಾರ, ಆ ನಾಲ್ಕು ವರ್ಷಗಳ ಎಲ್ಲ ದರೋಡೆ ಕೊಲೆಗಳಲ್ಲಿ ಸತ್ತವರಿಗಿಂತ ಹಲವು ಪಟ್ಟು ಜನರನ್ನು ಹತ್ತು ನಿಮಿಷದಲ್ಲಿ ಕೊಂದಿತು. ಯಾವ ಅಪರಾಧ ತಡೆಯಲು ಆ ಕಾಯಿದೆ ಎಂದರೋ ಅದಕ್ಕೆ ಅದು ಬಳಕೆಯಾಗಲೇ ಇಲ್ಲ. 1922ರಲ್ಲಿ ಸದ್ದಿಲ್ಲದೆ ರದ್ದಾಯಿತು. ಅಷ್ಟರಲ್ಲಿ ಬ್ರಿಟಿಷರ ನ್ಯಾಯಬುದ್ಧಿಯ ಮೇಲೆ ಉಳಿದಿದ್ದ ನಂಬಿಕೆ ಸತ್ತುಹೋಗಿತ್ತು. ರವೀಂದ್ರನಾಥ ಠಾಕೂರರು ನೈಟ್ ಪದವಿಯನ್ನು ಹಿಂದಿರುಗಿಸಿದ್ದರು.

ಶ್ರೀಶಚಂದ್ರ ಮಿತ್ರನ ಗತಿ ಏನಾಯಿತು? ಕಳವಿನ ರಾತ್ರಿಯೇ ಶ್ರೀಶ ಪಾಲ್ ಅವನನ್ನು ರೈಲು ಹತ್ತಿಸಿ ಉತ್ತರದ ರಂಗಪುರ ಜಿಲ್ಲೆಗೆ ಕರೆದೊಯ್ದ. ಅಲ್ಲಿ ವೈದ್ಯರೊಬ್ಬರ ಆಸರೆಯಲ್ಲಿ ಕೆಲಕಾಲ ಅಡಗಿದ್ದ. ಪೊಲೀಸರು ಹತ್ತಿರ ಬರುತ್ತಿದ್ದಾರೆಂಬ ಸುಳಿವು ಸಿಕ್ಕಿದ ಮೇಲೆ ಈಶಾನ್ಯದ ಗಡಿಯ ಕಡೆ ಹೊರಟನೆಂದು ಸಂಗಡಿಗರು ಹೇಳುತ್ತಾರೆ. ಗಡಿ ಕಾವಲಿನವರ ಗುಂಡಿಗೆ ಸಿಕ್ಕನೆಂದು ಕೆಲವರು, ಕಾಡಿನಲ್ಲಿ ಸತ್ತನೆಂದು ಕೆಲವರು ನಂಬಿದ್ದರು. ಹಿಡಿಯಲು ಬಂದ ಪೊಲೀಸರಿಗೂ ಕಾಪಾಡಲು ಬಂದ ಗೆಳೆಯರಿಗೂ ಅವನು ಮತ್ತೆ ಕಾಣಲಿಲ್ಲ. ಬಾಘಾ ಜತೀನ್‌ರಿಗೆ ಸ್ಮಾರಕಗಳಿವೆ, ಎಂ. ಎನ್. ರಾಯ್‌ರ ಮೇಲೆ ಗ್ರಂಥಗಳಿವೆ. ಐವತ್ತು ಪಿಸ್ತೂಲುಗಳಲ್ಲಿ ಒಂದನ್ನೂ ತನಗೆಂದು ಇಟ್ಟುಕೊಳ್ಳದ, ತಾನು ಕೊಟ್ಟ ಆಯುಧದಿಂದ ಏನಾಯಿತೆಂದು ತಿಳಿಯುವ ಅವಕಾಶವೂ ಸಿಗದ ಈ ಗುಮಾಸ್ತನಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಸಿಕ್ಕಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ರೋಡಾ ಮೌಸರನ್ನು ಕಣ್ಣಾರೆ ನೋಡಬೇಕೆನ್ನುವವರು ಕೊಲ್ಕತ್ತದ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿರುವ ಪೊಲೀಸ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಒಂದು ಕಾಲಕ್ಕೆ ರಾಜಾ ರಾಮಮೋಹನ ರಾಯರ ಮನೆಯಾಗಿದ್ದ ಕಟ್ಟಡ ಅದು. ಅಲ್ಲಿಂದ ಮಲಂಗಾ ಲೇನ್ ದೂರವಿಲ್ಲ, ಕಳವಿನಲ್ಲಿ ಪಾಲುಗೊಂಡ ಕೆಲವರ ಪ್ರತಿಮೆಗಳನ್ನು ಆ ಬೀದಿಯಲ್ಲಿ ನಿಲ್ಲಿಸಿದ್ದಾರೆ. ಕೊಲ್ಕತ್ತಕ್ಕೆ ಹೋಗುವ ಕನ್ನಡಿಗರು ದಕ್ಷಿಣೇಶ್ವರ, ಬೇಲೂರು ಮಠಗಳ ಜೊತೆಗೆ ಇವೆರಡು ಜಾಗಗಳಿಗೂ ಅರ್ಧ ದಿನ ಕೊಡಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೆ ಹಾಬು ಮಿತ್ರನ ಹೆಸರು ಹೇಳಿ.